ಎರಡನೇ ಚಾ

ಉಮದಿ ಸ್ಟ್ಯಾಂಡಿನ ಹಿಂದ, ನನ್ನ ಚಾ ಅಂಗಡಿ ಮಗ್ಗಲ
ಒಂದು ಹಳೇ ನೀರಿನ ಡ್ರಮ್ಮು, ಅಡ್ಡಕ್ಕ ಕೊಯ್ದದ್ದು.
ಸೋಸಿದ ಚಾಪುಡಿ, ತತ್ತಿ ಸಿಪ್ಪಿ, ಬಾಳಿ ಸಿಪ್ಪಿ ಒಳಗ.
ಉಳ್ಳಾಗಡ್ಡಿ ಒಲ್ಲವು. ಖಾರಂತೂ ಮುಟ್ಟಂಗಿಲ್ಲ.
ಈ ಸೀಮ್ಯಾಗ ಹುಟ್ಟಿ ಹೆಂಗ ಬದುಕ್ಯಾವೋ ಎರಿಹುಳ!

ಹಾಸಾಕ ರದ್ದಿ: ಮರಾಠಿ ಪೇಪರೊಂದು, ಕನ್ನಡದ್ದೊಂದು.
ಯಾವದನ್ನ ಮೊದಲ ತಿಂತಾವ ಅಂತ
ಕಂಡಕ್ಟರ್ ಐವಳೆ ಪೈಜ ಕಟ್ಟಿದ್ದ.
ನಾ ನೋಡಲಿಲ್ಲ. ಗಿರಾಕಿ ಇದ್ರು.

ಹಿಡಿ ಹಿಕ್ಕಿ ಹಳೇ ಧೋತರದಾಗ ಗಂಟು ಕಟ್ಟಿ
ಬಕೀಟಿನ್ಯಾಗ ಇಳಿಬಿಟ್ಟು, ಬೆಲ್ಲದ ತುಣುಕು ಹಾಕಿ,
ಬಂದಾಗೊಮ್ಮೆ ಹೋದಾಗೊಮ್ಮೆ ತಿರುವೂದು.
ಬೆಂಕಿ ಬ್ಯಾಡ ಈ ಚಾಕ್ಕ.
ಒಂದು ರಾತ್ರಿ, ಒಂದು ಹಗಲು.
ಹೊಸ ಗಡಿಗಿ ವಾಸನಿ ಬಂದ್ರ ಸೈ,
ನಾತ ಬಂದ್ರ ಚೆಲ್ಲೂದು.

ಮೊನ್ನೆ ಐವಳೆ ಮುಚ್ಚಳ ತೆಗೆದು ಇಣಿಕಿ,
"ದುಂಡವ್ವಕ್ಕಾ, ಇದ್ಯಾರ ಸ್ಪೆಷಲ್?" ಅಂದ.
"ಬದನಿಗಿಡದ್ದಪಾ.
ನಿನ್ನಂಗ ಉದ್ರಿ ಹೇಳಂಗಿಲ್ಲ ಅದು."

ಇವತ್ತು ಡ್ರಮ್ಮು ಕೆದರಿದರ
ರದ್ದಿ ಸಂಗಾಟ ಹೋಗೇತಿ ಉದ್ರಿ ವಹಿದೊಂದು ಹಾಳಿ.
ಐವಳೆ ಅಂತಿತ್ತು; ಈಗ ಬರೇ ಐ.
೩೨ ಚಾ ಇದ್ದಲ್ಲಿ
೩ ಅಷ್ಟ ಉಳದೈತಿ,
ಅದರ ಮ್ಯಾಲೂ ಒಂದು ಹುಳ.