ಫೆಬ್ರವರಿಯ ನಕ್ಷೆ

ಔಲುವಿನಲ್ಲಿ ಎಂಟಾದರೂ ಬೆಳಕು
ಕಣ್ಣುಜ್ಜಿಕೊಳ್ಳುತ್ತ ಕೂತಿರುತ್ತದೆ.
ಇರ್ಮೆಲಿ ಹೌತಲಾ ನನ್ನ ಕಡತವನ್ನು ತೆರೆದು, ಮುಚ್ಚಿ,
ಕಾಫಿ ಹೀರಿ, ಮತ್ತೆ ತೆರೆದು
"ಇದರೊಳಗೆ ಯಾವಾಗಲೂ ಜೂನ್ ಕಣೋ ತೂಕ್ಕಾ" ಅಂದಳು.
(ಈ ಊರಲ್ಲಿ ಯಾರೂ ಯಾರಿಗೂ ಬಹುವಚನ ಹಚ್ಚುವುದಿಲ್ಲ,
ಅವಳಿಗೆ ಅರವತ್ತೊಂದು, ನನಗೆ ಇಪ್ಪತ್ತೇಳು.)
"ಎಲ್ಲ ಪುಟದಲ್ಲೂ ಮಧ್ಯಾಹ್ನ ಮೂರು ಗಂಟೆ,
ಎಲ್ಲ ಹುಡುಗಿಯರ ಕೈಯಲ್ಲೂ ಕೆಂಪು ಬಲೂನು.
ಹಿಮ ಎಲ್ಲಿಗೆ ಹೋಯಿತು?"

ನಾನು ಕೇಳಲು ಬಂದದ್ದೇ ಬೇರೆ.
ಹೆಲ್ಸಿಂಕಿಯ ದೊಡ್ಡ ಕಚೇರಿ ಕರೆದಿತ್ತು,
ಸಂಬಳ ಒಂದೂವರೆ ಪಟ್ಟು,
ಮೂರು ವರ್ಷ ಬರೀ ಮೆಟ್ಟಿಲುಗಳ ವಿವರ ಬಿಡಿಸುವ ಕೆಲಸ.
ಹೋಗಲೋ, ಇಲ್ಲ ಆರೇ ಜನರ ಈ ಕೋಣೆಯಲ್ಲಿ
ಶಾಲೆಯಂಗಳ, ಸ್ಮಶಾನದ ಬೇಲಿ,
ಬಸ್ ನಿಲ್ದಾಣದ ಬೆನ್ನಿಗೆ ಮೂರು ರೋವನ್ ಗಿಡ
ಅನ್ನುತ್ತ ಸವೆಯಲೋ?

ಉತ್ತರ ಕೊಡದೆ ಕೋಟು ತೊಟ್ಟಳು.

ತಿರುವಿನಲ್ಲಿ ಹಿಮ ತಳ್ಳುವ ಯಂತ್ರ,
ಅದರ ಮೇಲೆ ಓಸ್ಮೊ, ಮೀಸೆಯಲ್ಲಿ ಮಂಜು.
"ನಿನ್ನ ಚೌಕದಲ್ಲಿ ರಾಶಿ ಎಲ್ಲಿ ಹಾಕುತ್ತಾನೋ ಕೇಳು" ಅಂದಳು.
ಅವನು ನಕ್ಷೆಯನ್ನು ಮೊಣಕಾಲ ಮೇಲೆ ಹರಡಿ
ಕೈಗವಸಿನ ಹೆಬ್ಬೆರಳನ್ನು
ನೆಟ್ಟಗೆ ನನ್ನ ಚೆರ್ರಿ ತೋಪಿನ ಮೇಲೆ ಊರಿದ.
"ಇಲ್ಲಿ. ಇನ್ನೆಲ್ಲಿ?"

ಮೂರು ತಿಂಗಳ ದುಡಿಮೆ
ಒಂದು ಹೆಬ್ಬೆರಳಿನ ಅಡಿ.

ಆಮೇಲೆ ನಡೆಯುತ್ತ ಬಿಡಿಬಿಡಿಯಾಗಿ ಮಾತಾಡಿದಳು,
ಜೇಬಿನ ಮೂಲೆಯಿಂದ ಬೀಜ ಹೆಕ್ಕಿ ಕೊಟ್ಟಂತೆ:
ಸಂಬಳ ಕೇಳುವಾಗ ಬಣ್ಣದ ಮಾತು ಬೇಡ, ಅಂಕಿ ಹೇಳು,
ಹೇಳಿ ಬಾಯಿ ಮುಚ್ಚಿಕೋ,
ಮೌನ ಮೊದಲು ಮುರಿದವನದೇ ನಷ್ಟ.
ನೀರು ಎತ್ತ ಹರಿಯುತ್ತದೆಂದು ತಿಳಿಯದವನು
ಬೆಂಚು ಎಲ್ಲಿಡಬೇಕೆಂದು ಹೇಳಬಾರದು.
ಕಟ್ಟಡದವರ ಸಭೆಗೆ ಮೊದಲ ದಿನವೇ ಹೋಗಿ ಕೂರು,
ಕೊನೆಗೆ ಕರೆಸಿಕೊಂಡೆಯೋ, ನೀನು ಕುಂಡ ಇಡುವವನು ಅಷ್ಟೆ.
ಪಾಲನೆಯ ದುಡ್ಡು ಕರಾರಿನಲ್ಲಿ ಇಲ್ಲವಾದರೆ
ನೆಟ್ಟದ್ದು ಗಿಡವಲ್ಲ, ಕಂತಿನ ಸಾವು.
"ಮತ್ತೆ, ನಿಮ್ಮ ಮಾವ ಹುಲ್ಲು ಕತ್ತರಿಸಲು ಕರೆದರೆ
ನಾನು ಮಾಲಿಯಲ್ಲ ಅಂತ ಮುಖ ಊದಿಸಬೇಡ.
ಹೋಗು. ಕತ್ತರಿಸು.
ಯಂತ್ರ ಯಾವ ಮೂಲೆಯಲ್ಲಿ ತಿರುಗಲಾರದೋ ನೋಡಿ ಬಾ."

ಬಂದರಿನ ಬೀದಿಯಲ್ಲಿ ಅವಳ ಮಾತು ನಿಂತಿತು.
"ತೊಂಬತ್ತೆಂಟರಲ್ಲಿ ನಲವತ್ತು ಲಿಂಡೆನ್ ನೆಟ್ಟೆ.
ಪ್ರಶಸ್ತಿ ಬಂತು.
ರಸ್ತೆಗೆ ಎರಚುವ ಉಪ್ಪನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ."
ಉಳಿದದ್ದು ಒಂಬತ್ತು.
ಕೈಗವಸು ಕಳಚಿ ಒಂದೊಂದರ ತೊಗಟೆಯನ್ನೂ ಮುಟ್ಟಿದಳು
ಹಾಜರಿ ಕರೆಯುವ ಟೀಚರಂತೆ,
ನಡುವಿನ ಖಾಲಿ ಗುಂಡಿಗಳ ಮುಂದೆಯೂ
ಒಂದು ಕ್ಷಣ ನಿಂತು.

ನಮ್ಮ ಕಚೇರಿಯ ಬಾಗಿಲು ಗಾಳಿಗೆ ಬಡಿಯದಿರಲೆಂದು
ಅಡ್ಡ ಇಟ್ಟ ಆ ಕಂಚಿನ ತುಂಡು
ಏನೆಂದು ಆಗ ಹೊಳೆಯಿತು.
ಎರಡು ವರ್ಷ ದಿನಾ ಬೆಳಿಗ್ಗೆ
ಬೂಟಿನಲ್ಲಿ ಅದನ್ನು ಸರಿಸಿದ್ದೆ.

"ಹಾಗಾದರೆ ಹೆಲ್ಸಿಂಕಿ?"
"ಹೋಗು. ಮೆಟ್ಟಿಲು ಸಣ್ಣ ವಿದ್ಯೆಯಲ್ಲ,
ಮುದುಕರು ಬೀಳುವುದು ಅಲ್ಲೇ.
ಹೋಗದಿದ್ದರೂ ಸರಿ.
ನೆಟ್ಟಲ್ಲಿಗೆ ಏಳು ವರ್ಷ ಬಿಟ್ಟು
ಒಬ್ಬನೇ ಹಿಂದಿರುಗಿ ನೋಡು.
ಅದಕ್ಕೆ ಯಾವ ಕಚೇರಿಯೂ ರಜೆ ಕೊಡುವುದಿಲ್ಲ."
ಮೂಗು ಒರೆಸಿಕೊಂಡಳು. ಚಳಿಗೇ ಇರಬೇಕು.

ಆ ರಾತ್ರಿ ಕಡತ ತೆರೆದೆ.
ಬಲೂನು ಅಳಿಸಿದೆ, ಹುಡುಗಿಗೆ ಟೋಪಿ ತೊಡಿಸಿದೆ.
ಚೆರ್ರಿ ಗಿಡಗಳನ್ನು ಆರು ಮೀಟರ್ ಪಡುವಣಕ್ಕೆ ಸರಿಸಿ
ತೆರವಾದ ಜಾಗದಲ್ಲಿ
ಪೆನ್ಸಿಲಿನಲ್ಲಿ "ಓಸ್ಮೊ" ಅಂತ ಬರೆದೆ.

ಹೆಲ್ಸಿಂಕಿಗೆ ಇನ್ನೂ ಬರೆದಿಲ್ಲ.