ಸರ್ಕಾರಿ ಸುತ್ತಿಗೆ ಕಳೆದ ಬಗ್ಗೆ ಹೇಳಿಕೆ

ಹೆಸರು ಮಾಸ್ತ್ಯಪ್ಪ. ಅಪ್ಪನ ಹೆಸರು ಕೆರಿಯ.
ಕೆಲಸ ದಿನಗೂಲಿ, ಸುತ್ತಿಗೆ ಹೊರೋದು.
ಬರ್ಕಳಿ ಸ್ವಾಮಿ. ಆರು ವರ್ಷ ಆದಮೇಲೆ ಕೇಳ್ತಿದ್ದೀರಿ,
ನಿಧಾನ ಹೇಳ್ತೀನಿ.

ಮೊಳೆ ಹೊಡೆಯೋ ಸುತ್ತಿಗೆ ಅಲ್ಲ ಅದು.
ಮುಖದ ಮೇಲೆ ಅಕ್ಷರ ಉಬ್ಬಿದ್ದು.
ತೊಗಟೆಯನ್ನು ಅಂಗೈಯಗಲ ಕೆತ್ತಿ
ಬಿಳಿ ಮೈ ಕಂಡಲ್ಲಿ ಒಂದೇ ಏಟು:
ಎದೆಮಟ್ಟಕ್ಕೆ ಒಂದು, ಬುಡಕ್ಕೆ ಒಂದು.
ಮೇಲಿನದು ಲಾರಿ ಹತ್ತಿ ಹೋಗ್ತದೆ,
ಬುಡದ್ದು ಇಲ್ಲೇ ಉಳೀತದೆ, ಸಾಕ್ಷಿಗೆ.
ಎದೆಮಟ್ಟ ಅಂದರೆ ಯಾರ ಎದೆ ಅಂತ
ಮೊದಲ ದಿನ ಕೇಳಿದ್ದೆ. ರೇಂಜರು ನಕ್ಕರು.
ನಾನು ಗಿಡ್ಡ. ಅವರ ಎದೆ ಮುಟ್ಟಬೇಕಾದರೆ
ಬೇರು ಹತ್ತಿ ನಿಲ್ಲಬೇಕು.

ಕಟ್ಟಿನಕಾನಿಗೆ ಇಳಿದದ್ದು ಶಿವರಾತ್ರಿ ಕಳೆದು.
ಕೋಗಾರಿನಿಂದ ಕೆಳಗೆ ಜೀಪು ಹೋಗಲ್ಲ,
ಕಂಪನಿಯವರು ರಸ್ತೆ ಕಡೀತಿದ್ದರು, ಅರ್ಧ ಆಗಿತ್ತು.
ಪ್ಲೈವುಡ್ಡಿಗೆ ಧೂಪ, ಗುಳಮಾವು, ಬೋಬಿ,
ಚೀಟಿಯಲ್ಲಿ ಇಷ್ಟೇ. ಉಳಿದದ್ದೆಲ್ಲ 'ಇತರೆ ಜಾತಿ'.
ನನಗೆ ಗೊತ್ತಿದ್ದ ನಲವತ್ತು ಹೆಸರು
ಆ ಎರಡು ಮಾತಿನೊಳಗೆ ಹೋಗಿ ಕೂತವು.

ನಾಕುನೂರಾ ಹನ್ನೊಂದರವರೆಗೆ ಸರಿಯಾಗೇ ಹೊಡೆದೆ.
ಅದನ್ನೂ ಬರ್ಕಳಿ. ನನ್ನ ಕೈಯೇ.
ಸಂಜೆ ಉಣ್ಣಕ್ಕೆ ಕೂತರೆ ಬೆರಳೆಲ್ಲ ಧೂಪದ ವಾಸನೆ.
'ಯಾವ ದೇವರಿಗೆ ಹೊಗೆ ಹಾಕಿ ಬಂದ್ಯೋ?' ಅಂತ
ಗುತ್ಯಮ್ಮ ಕೇಳ್ತಿದ್ದಳು.
ಹಾಕಿ ಬಂದಿಲ್ಲ ಮಾರಾಯ್ತಿ, ಎಣಿಸಿ ಬಂದೆ ಅಂದೆ.

ನಾಕುನೂರಾ ಹನ್ನೆರಡನೇದು ಜಡ್ಡಿಯ ಆಚೆ ಇತ್ತು.
ಜಡ್ಡಿ ನೋಡಿದ್ದೀರಾ? ರಾಮಪತ್ರೆ ಮರಗಳು
ನಿಂತ ನೀರಿನಲ್ಲಿ ನಿಂತು, ಉಸಿರು ಬೇಕು ಅಂತ
ಬೇರಿನ ಮೊಣಕಾಲು ಮೇಲೆತ್ತಿ ಇರ್ತವೆ,
ಪಂಚಾಯ್ತಿಗೆ ಕೂತ ಮುದುಕರ ಹಂಗೆ.
ಸುಡುಬೇಸಿಗೆಯಲ್ಲೂ ಅಲ್ಲಿ ಕಾಲು ಥಣ್ಣಗೆ.
ಕೆಳಗಿನ ಏಳು ಮನೆ ಗದ್ದೆಗೆ ಆ ನೀರೇ.
ನಮ್ಮದು ಸೇರಿದರೆ ಎಂಟು. ನೀವು ಕೇಳಲಿಲ್ಲ, ಹೇಳಿದೆ.

ಆವಾಗ ಮೇಲೆ ಸಿಂಗಳೀಕ ಬಂದವು.
ಹಿಂಡೇ ಬಂತು, ಸದ್ದಿಲ್ಲ.
ರಸ್ತೆಗೆ ಅಂತ ಕಡಿದ ಸಂದಿನ ಅಂಚಿಗೆ ಬಂದು ನಿಂತವು.
ಆಚೆ ಕೊಂಬೆ ಇಲ್ಲ.
ನೆಲಕ್ಕಿಳಿದು ದಾಟೋದು ಆ ಜಾತಿಗೆ ಅಭ್ಯಾಸ ಇಲ್ಲ.
ಒಂದು ತಾಯಿ, ಹೊಟ್ಟೆಗೆ ಮರಿ ಕಚ್ಚಿಸಿಕೊಂಡದ್ದು,
ಕೈ ಚಾಚಿ ಗಾಳಿ ಮುಟ್ಟಿ ನೋಡ್ತು,
ವಾಪಸ್ ಎಳಕೊಂಡಿತು.
ಇನ್ನೊಂದು ಸಲ ಚಾಚಿತು.

ಸುತ್ತಿಗೆ ಹೆಂಗೆ ಬಿತ್ತು ಅಂತ ಕೇಳ್ತೀರಿ.
ಕಾಲು ಜಾರಿತು ಅಂತ ಗಾರ್ಡು ಬರೆದಿದ್ದಾನೆ, ಒಳ್ಳೇ ಹುಡುಗ.
ಜಿಗಣೆ ಕೀಳಕ್ಕೆ ಬಗ್ಗಿದ್ದೆ ಅಂತ ಹೋದ ಸಲ ನಾನು ಹೇಳಿದ್ದೆ.
ಎರಡೂ ಇರಲಿ ಕಡತದಲ್ಲಿ.
ನನಗೆ ಸದ್ದೊಂದೇ ನೆನಪು:
ಕಬ್ಬಿಣ ನೀರಿಗೆ ಬಿದ್ದಂಗೆ ಕೇಳಲಿಲ್ಲ,
ಯಾರೋ ಮಾತಿನ ಮಧ್ಯ ಬಾಯಿ ಮುಚ್ಚಿದಂಗೆ ಕೇಳ್ತು.

ಮೂರು ದಿನ ಹುಡುಕಿದರು. ರೇಂಜರೂ ಪ್ಯಾಂಟು ಮಡಚಿ ಇಳಿದರು.
ಕೆಸರು ಕೊಟ್ಟದ್ದು ಒಂದು ಕಪ್ಪೆ, ಒಂದು ಒಡಕು ಬಳೆ.
ಹೊಸ ಸುತ್ತಿಗೆಗೆ ಶಿವಮೊಗ್ಗಕ್ಕೆ ಕಾಗದ ಹೋಯ್ತು,
ಕಾಗದಕ್ಕೆ ಕಾಗದ ಬಂತು,
ಅಷ್ಟರಲ್ಲಿ ಮಳೆ ಹಿಡೀತು.
ಮುದ್ರೆ ಇಲ್ಲದ ಮರಕ್ಕೆ ಗರಗಸ ಇಡೋ ಹಂಗಿಲ್ಲ.
ಆಷಾಢದಲ್ಲಿ ಅರ್ಧ ರಸ್ತೆ ಗುಡ್ಡದ ಜೊತೆ ಜಾರಿ ಹೊಳೆಗೆ ಹೋಯ್ತು.
ಅದನ್ನು ನನ್ನ ಲೆಕ್ಕಕ್ಕೆ ಹಾಕಬೇಡಿ.

ಆದರೂ ನೂರಾ ತೊಂಬತ್ತು ಹೋದವು, ದಿಣ್ಣೆ ಮೇಲಿನವು.
ಅವುಗಳ ಬುಡದಲ್ಲಿ ನಾನು ಹೊಡೆದ ಅಕ್ಷರ
ಇನ್ನೂ ಓದಕ್ಕೆ ಬರ್ತದಂತೆ. ಓದು ಬರೋರು ಹೇಳಿದರು.
ಕೆಳಗೆ ನಿಂತವಕ್ಕೆ ಗಾಯದ ಸುತ್ತ ತುಟಿ ಬಂದಿದೆ,
ತೊಗಟೆ ಎರಡೂ ಕಡೆಯಿಂದ ಸರಿದು
ವರ್ಷಕ್ಕೆ ಒಂದು ಬತ್ತದ ಕಾಳಿನಷ್ಟು
ಸರ್ಕಾರವನ್ನು ನುಂಗ್ತಾ ಇದೆ.
ಹೋದಾಗೆಲ್ಲ ಬೆರಳಿಟ್ಟು ನೋಡಿ ಬರ್ತೀನಿ.

ಸುತ್ತಿಗೆಯ ಬೆಲೆ ಮೂವತ್ತೇಳೂವರೆ ಅಂತ ಇದೆ, ಕೂಲಿಯಲ್ಲಿ ಮುರ್ಕಳಿ.
ಇಷ್ಟೇ ನನಗೆ ಗೊತ್ತಿರೋದು.
ಹೆಬ್ಬೆಟ್ಟು ಎಲ್ಲಿ ಒತ್ತಲಿ ಸ್ವಾಮಿ,
ಕಾಗದದ ಎದೆಮಟ್ಟಕ್ಕೋ, ಬುಡಕ್ಕೋ?