ಏಳನೇ ನಂಬರ್ ಬಿಚ್ಚುವಾಗ

ಊರಿಗೆಲ್ಲ ತಿಳಿಯುವ ಮುಂಚೆ ನನಗೆ ಗೊತ್ತಾಗುತ್ತದೆ.
ಗಾಂಧಿ ಬಜಾರಿನ ಸಂದಿಯಲ್ಲಿ ಎಂಟಡಿ ಅಂಗಡಿ,
ವರ್ಷವೆಲ್ಲ ಫಾಲ್, ಪಿಕೊ, ರವಿಕೆಗೆ ಅಸ್ತರು.
ಟೂರ್ನಿಗೆ ಹದಿನೈದು ದಿನ ಇರುವಾಗ
ಕ್ಲಬ್ಬಿನ ಹುಡುಗ ಬರುತ್ತಾನೆ ಜೆರ್ಸಿಗಳ ಗಂಟು ಹೊತ್ತು,
ಸಿಗರೇಟ್ ಪ್ಯಾಕಿನ ಬೆನ್ನಿಗೆ ಬರೆದ ಚೀಟಿ:
ಎರಡು ಇರಲಿ. ನಾಲ್ಕು ಇರಲಿ.
ಏಳು ಬಿಚ್ಚಿ, ಒಂಬತ್ತು ಹಾಕಿ.

ಏಳು ಯಾಕೋ?
‘ಮೇಲಿನವರು ಹೇಳಿದ್ದು ಗುಜ್ಜರ್ ಮಾಮ, ನಂಗೇನ್ ಗೊತ್ತು?’

ಮೇಲಿನವರು ಅಂದರೆ ಷಡಾಕ್ಷರಿ.
ಜಲ್ಲಿ ಕ್ರಷರ್, ಎರಡು ಟಿಪ್ಪರ್,
ಕಬಡ್ಡಿ ಅಂಕಣಕ್ಕೆ ಬೂಟು ಹಾಕಿಕೊಂಡೇ ಇಳಿಯುವ ಮನುಷ್ಯ.

ಏಳು ಅಂದರೆ ಅಬ್ರಾರ್, ರಿಪ್ಪನ್‌ಪೇಟೆಯವನು.
ಅವನು ಬೋನಸ್ ಗೆರೆ ತುಳಿದು ಬರುವುದು
ಕುದಿವ ಹಾಲಿನ ಕೆನೆಯನ್ನು ಬೆರಳ ತುದಿಯಲ್ಲಿ ಎತ್ತಿದ ಹಾಗೆ.
ಹೋದ ವರ್ಷ ತೀರ್ಥಹಳ್ಳಿಯವರ ಎದುರು
ನಮ್ಮವರು ಮೂರೇ ಜನ ಉಳಿದಾಗ
ಒಂದೇ ರೈಡಿಗೆ ನಾಲ್ವರನ್ನು ಹೊರಗೆ ಕಳಿಸಿದ.
ನನ್ನ ಪಕ್ಕ ಕೂತಿದ್ದ ಕೋರ್ಟಿನ ಅಮೀನರು
ಟೋಪಿ ಅಂತ ತಿಳಿದು ಕನ್ನಡಕ ಎಸೆದರು.
ಇಪ್ಪತ್ತೆರಡು ವರ್ಷ ಕಣ್ರೀ ಅವನಿಗೆ.
ಇನ್ನೂ ಇಸ್ತ್ರಿ ಮಾಸದ ಬಟ್ಟೆಯನ್ನು ಯಾರಾದರೂ ಒರೆಸೋದಕ್ಕೆ ಹಾಕುತ್ತಾರಾ?

ಅವನ ಬದಲು ಹರಿಯಾಣದಿಂದ ಒಬ್ಬ. ಲಾಡ್ಜಿನ ರೂಮು,
ದಿನಕ್ಕೆ ಎರಡು ಲೀಟರ್ ಹಾಲು, ಮೇಲೆ ದುಡ್ಡು.
ಒಳ್ಳೆಯ ಆಟಗಾರನೇ ಇರಬಹುದು, ಇಲ್ಲ ಅನ್ನೋದಿಲ್ಲ;
ಎದೆ ನಲವತ್ನಾಲ್ಕು, ನನಗೆ ಗೊತ್ತಿರೋದು ಅಷ್ಟೇ.
ಆದರೆ ಆ ಒಂಬತ್ತು? ಎಡ ಕಾರ್ನರಿನ ಒಂಬತ್ತು?
ಷಡಾಕ್ಷರಿಯ ಭಾವಮೈದುನನ ಮಗ!
ಆ ಮನೆಯವರಿಗೆಲ್ಲ ಕಾಲು ಹಿಡಿಯುವುದು ಚೆನ್ನಾಗಿ ಗೊತ್ತು,
ಅಂಕಣದಲ್ಲಿ ಈ ಹುಡುಗನಿಗೆ ಮಾತ್ರ
ಒಂದು ಕಾಲೂ ಸಿಕ್ಕುವುದಿಲ್ಲ.

ಬೈಯುವವನು ಪೂರ್ತಿ ಬೈಯಬೇಕು. ಹಾಗಾಗಿ ಇದನ್ನೂ ಹೇಳುತ್ತೇನೆ:
ಬಿಚ್ಚಬೇಕಾಗಿದ್ದದ್ದು ನಾಲ್ಕು.
ನಾಲ್ಕು ಅಂದರೆ ಕುಬೇರ, ಸೊರಬದವನು,
ಹನ್ನೊಂದು ವರ್ಷ ಅವನ ಬೆನ್ನಿಗೆ ನಾಲ್ಕು ಹೊಲಿದಿದ್ದೇನೆ.
ಮಂಡಿಗೆ ಕಟ್ಟುವ ಪಟ್ಟಿಯೂ ನನ್ನದೇ.
ಅದರೊಳಗೆ ಮಂಡಿ ಎಷ್ಟು, ಹತ್ತಿ ಎಷ್ಟು
ಡಾಕ್ಟರಿಗಿಂತ ನನಗೆ ಗೊತ್ತು.
ಅಭಿಮಾನ ಬೇರೆ, ಅಳತೆ ಬೇರೆ.
(ಅವನನ್ನು ಮೊದಲು ಕರೆತಂದಾಗ
‘ಈ ಕಡ್ಡಿ ಯಾರನ್ನು ಹಿಡಿದೀತು’ ಅಂದವನೂ ನಾನೇ.
ಅದನ್ನು ಅಮೀನರು ಇನ್ನೂ ಮರೆತಿಲ್ಲ.)

‘ನಿಮ್ಮ ಕೈಗೆ ತಂಡ ಕೊಟ್ಟರೆ,’ ಅಂತಾಳೆ ತಾರಾಬಾಯಿ,
ಕಾಜಾ ಹೊಲಿಯುತ್ತಾ, ತಲೆ ಎತ್ತದೆ,
‘ಹದಿನೆಂಟು ಜನ ಆಡ್ತಾರೆ. ಒಬ್ಬರನ್ನೂ ತೆಗೆಯೋದಿಲ್ಲ ನೀವು.’

ಬ್ಲೇಡು ತಗೊಂಡೆ.
ಬಿಳಿ ಸ್ಯಾಟಿನ್ನಿನ ಏಳು, ಎಳೆ ಎಳೆಯಾಗಿ ಬಂತು.
ಕೆಳಗೆ ಬಟ್ಟೆ ಇನ್ನೂ ಮೊದಲಿನ ನೀಲಿ.
ಸುತ್ತ ಎಲ್ಲ ಬಿಸಿಲಿಗೆ, ಬೆವರಿಗೆ, ಸೋಪಿಗೆ ಬೂದು.
ಬಿಚ್ಚಿದ ಮೇಲೂ ಅಲ್ಲಿ ಒಂದು ಏಳು ನಿಂತಿತ್ತು,
ಒಂಬತ್ತು ಹಾಕಿದೆ; ಅದರ ಹೊಟ್ಟೆಯ ಕೆಳಗಿಂದ
ಏಳಿನ ಬಾಲ ಇಣುಕಿತು.
ಹೊಸ ಜೆರ್ಸಿ ಕೊಡಿಸಿ ಅಂದೆ. ಬಜೆಟ್ ಇಲ್ಲವಂತೆ.

ಸಂಜೆ ಶಟರ್ ಅರ್ಧ ಎಳೆದಿದ್ದೆ.
ಬಗ್ಗಿ ಒಳಗೆ ಬಂದ, ಅವನು ಎಲ್ಲಿಗೆ ಬಂದರೂ ಬಗ್ಗಿಯೇ ಬರುವುದು.
ಕೈಯಲ್ಲಿ ಹಸಿರು ಅಂಗಿ. ಸಾಗರದವರದ್ದು.
‘ಮಾಮ, ನಂಬರ್ ಹಾಕಿಕೊಡ್ತೀರಾ?’
ಷಡಾಕ್ಷರಿಗೆ ಅವನೇನೂ ಬೈಯಲಿಲ್ಲ. ನಾನೇ ಶುರು ಮಾಡಿದೆ,
ಅವನು ಗೋಡೆಯ ಮೇಲಿನ ಅಳತೆ ಟೇಪು ನೋಡುತ್ತಾ ನಿಂತ.
ಭುಜ ಅರ್ಧ ಇಂಚು ಅಗಲವಾಗಿತ್ತು.

ಬೆಳಗ್ಗೆ ಬಿಚ್ಚಿದ ಏಳು ಡಬ್ಬಿಯಲ್ಲೇ ಇತ್ತು.
ಡಬಲ್ ಹೊಲಿಗೆ ಹಾಕಿದೆ, ಮೂಲೆಗೆ ಕೈಹೊಲಿಗೆ.
ದುಡ್ಡು ತಗೊಂಡೆ, ತಗೊಳ್ಳದಿದ್ದರೆ ಅವನು ಬಿಡುತ್ತಿರಲಿಲ್ಲ.

ಭಾನುವಾರ ಸಾಗರದವರ ಜೊತೆ ನಮ್ಮ ಮೊದಲ ಆಟ.
ಅಮೀನರು ಜಾಗ ಹಿಡಿದಿರುತ್ತಾರೆ, ಯಾವಾಗಲೂ ಕೂರುವಲ್ಲೇ,
ನೀಲಿಯವರ ಕಡೆ.
ಅವನು ನಮ್ಮ ಅಂಕಣಕ್ಕೆ ಉಸಿರು ಕಟ್ಟಿ ಬರುವಾಗ
ಬಾಯಿ ಮುಚ್ಚಿಕೊಂಡಿರಬೇಕು ನಾನು.
ಈ ವಯಸ್ಸಿನಲ್ಲಿ ಅಷ್ಟು ಹೊತ್ತು
ಉಸಿರು ಕಟ್ಟೋಕೆ ಆಗುತ್ತೋ ಇಲ್ಲವೋ, ಅದು ಬೇರೆ ಮಾತು.